ಚಂದ್ರಯಾನದ ಹಣದಲ್ಲಿ ನಮ್ಮ ಶಾಲೆಯ ಮಾಳಿಗೆ ದುರಸ್ತಿಯಾಗುತ್ತಿತ್ತೇ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಮಕ್ಕಳೆಲ್ಲರೂ ನೋಡಿ ಕುಣಿದಾಡಿದ್ದರು. ಈಗ ನಮ್ಮಲ್ಲಿ ಎರಡು ಕೊಠಡಿಗಳ ಮಾಳಿಗೆ ಸೋರುತ್ತಿದೆ. ನಾಲ್ಕು ಮತ್ತು ಐದನೇ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದೇವೆ. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಕಳುಹಿಸುವ ಗಗನಯಾನದ ವಿಷಯ ಹೇಳುವಾಗ ಏಳನೇ ತರಗತಿಯ ಹುಡುಗಿಯೊಬ್ಬಳು, "ಮೇಡಂ, ಅದಕ್ಕೆಲ್ಲ ದುಡ್ಡಿದೆ, ನಮ್ಮ ಮಾಳಿಗೆಗೆ ಏಕಿಲ್ಲ?" ಎಂದು ಕೇಳಿದಳು. ಹತ್ತಿ ಬೆಳೆಯುವ ನಮ್ಮ ಯಜಮಾನರ ಪ್ರಶ್ನೆಯೂ ಅದೇ. ವಿದೇಶಿ ಉಪಗ್ರಹಗಳನ್ನು ಹಾರಿಸಿ ಇಸ್ರೋ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುತ್ತದೆ ಎಂದು ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತಾರೆ. ಹಾಕಿದ ರೂಪಾಯಿಗೆ ಎರಡೂವರೆ ರೂಪಾಯಿ ಬರುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಖಾಸಗಿ ಕಂಪನಿಗಳೇ ರಾಕೆಟ್ ಹಾರಿಸುವಾಗ ಸರ್ಕಾರ ಏಕೆ ಖರ್ಚು ಮಾಡಬೇಕು ಎನ್ನುವವರೂ ಇದ್ದಾರೆ. ಇದರಲ್ಲಿ ನಿಜವೆಷ್ಟು? ಸರ್ಕಾರ ಈ ಖರ್ಚನ್ನು ಮುಂದುವರಿಸಬೇಕೇ?

ಉತ್ತರ: ಮೇಡಂ, ನಿಮ್ಮ ವಿದ್ಯಾರ್ಥಿನಿ ತೆರಿಗೆ ಹಣದ ಬಗ್ಗೆ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ್ದಾಳೆ. ಅದನ್ನು ಯಾರಾದರೂ ದೇಶಾಭಿಮಾನದ ಕೊರತೆ ಎಂದು ತಳ್ಳಿಹಾಕಿದರೆ ಒಪ್ಪಬೇಡಿ. ಉಪಗ್ರಹ ಚಿತ್ರಗಳಿಂದ ಅಂತರ್ಜಲದ, ಬೆಳೆಯ, ಬರದ ನಕ್ಷೆ ತಯಾರಿಸುವುದರಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ಈ ಕ್ಷೇತ್ರದ ಮೇಲೆ ನನಗೆ ಒಲವಿದೆ ಎಂಬುದನ್ನು ಗಮನದಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ನಿಮ್ಮ ಪತ್ರದಲ್ಲಿ ಎರಡು ಆತಂಕಗಳಿವೆ. ಶಾಲೆಗೆ ಬರಬೇಕಾದ ಹಣ ರಾಕೆಟ್ಟಿಗೆ ಹೋಗುತ್ತಿದೆಯೇ ಎಂಬುದು ಒಂದು. ರಾಕೆಟ್ಟಿಗೆ ಹೋಗುವ ಹಣವಾದರೂ ಸರಿಯಾದ ಕಡೆ ಖರ್ಚಾಗುತ್ತಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಲೆಕ್ಕ ಇಟ್ಟು ಉತ್ತರಿಸಬಹುದು. ನನ್ನನ್ನು ಹೆಚ್ಚು ಕಾಡುವುದು ಎರಡನೆಯದು.

2025–26ರ ಕೇಂದ್ರ ಬಜೆಟ್ಟಿನ ಗಾತ್ರ ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಾಹ್ಯಾಕಾಶ ಇಲಾಖೆಗೆ ಇಟ್ಟದ್ದು 13,416 ಕೋಟಿ, ಅಂದರೆ ನೂರು ರೂಪಾಯಿಯಲ್ಲಿ ಇಪ್ಪತ್ತಾರು ಪೈಸೆ. ತಲಾ ಲೆಕ್ಕದಲ್ಲಿ ವರ್ಷಕ್ಕೆ ನೂರು ರೂಪಾಯಿಗಿಂತ ತುಸು ಕಡಿಮೆ. ಇಷ್ಟು ಹೇಳಿ, ಇದೇನು ಮಹಾ ಮೊತ್ತವಲ್ಲ ಎಂದು ಮಾತು ಮುಗಿಸುವುದು ನನ್ನ ಸಹೋದ್ಯೋಗಿಗಳಲ್ಲಿ ಅನೇಕರ ರೂಢಿ. ನನಗೆ ಅದು ಸರಿಕಾಣುವುದಿಲ್ಲ. ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿವೆ. ಇಸ್ರೋವನ್ನು ಪೂರ್ತಿ ಮುಚ್ಚಿ ಆ ಹಣವನ್ನು ಹಂಚಿದರೆ ಪ್ರತಿ ಶಾಲೆಗೆ ವರ್ಷಕ್ಕೆ ಸುಮಾರು 1.3 ಲಕ್ಷ ರೂಪಾಯಿ ಸಿಗುತ್ತದೆ. ಒಂದು ಮಾಳಿಗೆಯ ಸೋರಿಕೆ ನಿಲ್ಲಿಸಲು ಅದು ಸಾಕಾದೀತು. ಆದ್ದರಿಂದ ಆ ಹಣದಿಂದ ಏನೂ ಆಗುವುದಿಲ್ಲ ಎಂದು ಹೇಳಲಾಗದು. ಆದರೆ ಮಕ್ಕಳು ನೋಡಿದ ಚಂದ್ರಯಾನ-3 ಒಂದನ್ನೇ ತೆಗೆದುಕೊಂಡರೆ, ಅದರ ಸುಮಾರು 615 ಕೋಟಿಯಲ್ಲಿ ಒಂದು ಶಾಲೆಯ ಪಾಲು ಆರು ಸಾವಿರ ರೂಪಾಯಿ, ಅದೂ ಒಂದೇ ಸಲ. ನಿಮ್ಮ ತರಗತಿಯಲ್ಲೇ ಈ ಭಾಗಾಕಾರ ಮಾಡಿಸಿ. ಆ ಹುಡುಗಿಗೆ ನಾವು ಕೊಡುವ ಉಪದೇಶಕ್ಕಿಂತ ಅವಳೇ ಮಾಡಿದ ಲೆಕ್ಕಕ್ಕೆ ಬೆಲೆ ಹೆಚ್ಚು.

ಇನ್ನೊಂದು ಸಂಗತಿ. 2020–21ರಲ್ಲಿ ಬಾಹ್ಯಾಕಾಶ ಇಲಾಖೆಗೆ ಮೊದಲು ಇಟ್ಟಿದ್ದ 13,479 ಕೋಟಿಯನ್ನು ಪರಿಷ್ಕರಿಸಿ 9,500 ಕೋಟಿಗೆ ಇಳಿಸಲಾಯಿತು. ಕಡಿತವಾದ ಸುಮಾರು ನಾಲ್ಕು ಸಾವಿರ ಕೋಟಿ ಯಾವ ಶಾಲೆಯ ಹೆಸರಿಗೂ ಬರೆದಿಟ್ಟ ಹಣವಾಗಿರಲಿಲ್ಲ. ಅದು ಸರ್ಕಾರದ ಒಟ್ಟು ಲೆಕ್ಕದಲ್ಲಿ ಸೇರಿಹೋಯಿತು. ಒಂದು ಇಲಾಖೆಯಲ್ಲಿ ಉಳಿದ ಹಣ ತಾನಾಗಿ ಇನ್ನೊಂದಕ್ಕೆ ಹರಿಯುವುದಿಲ್ಲ.

ನಿಮ್ಮ ಮಾಳಿಗೆಯ ಹಣಕ್ಕೆ ಬೇರೆಯದೇ ವಿಳಾಸವಿದೆ. ಶಾಲಾ ಕಟ್ಟಡ ಮುಖ್ಯವಾಗಿ ರಾಜ್ಯದ ಹೊಣೆ. 2025–26ರಲ್ಲಿ ಕರ್ನಾಟಕ ಶಿಕ್ಷಣಕ್ಕೆ 45,286 ಕೋಟಿ ಒದಗಿಸಿತ್ತು. ಇದು ಇಡೀ ದೇಶದ ಬಾಹ್ಯಾಕಾಶ ಬಜೆಟ್ಟಿನ ಮೂರು ಪಟ್ಟಿಗೂ ಹೆಚ್ಚು. ಅದೇ ವರ್ಷ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ನಿಮ್ಮ ರಾಯಚೂರೂ ಸೇರಿ ಏಳು ಜಿಲ್ಲೆಗಳಿಗಾಗಿ 5,000 ಕೋಟಿ ಘೋಷಣೆಯಾಗಿತ್ತು. ಏಳು ಜಿಲ್ಲೆಗಳಿಗೆ ಐದು ಸಾವಿರ ಕೋಟಿ, ಇಡೀ ದೇಶದ ಉಪಗ್ರಹ ಮತ್ತು ರಾಕೆಟ್ಟುಗಳಿಗೆಲ್ಲ ಸೇರಿ ಹದಿಮೂರು ಸಾವಿರ ಕೋಟಿ. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಸಭೆಯಲ್ಲಿ ನಿರ್ಣಯ ಮಾಡಿ, ಎಂಜಿನಿಯರರಿಂದ ಅಂದಾಜು ಪಟ್ಟಿ ಬರೆಸಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯ ಮೂಲಕ ಮಂಡಳಿಯ ಕ್ರಿಯಾ ಯೋಜನೆಗೆ ಸೇರಿಸುವ ದಾರಿಯನ್ನು ಇನ್ನೂ ಹಿಡಿದಿಲ್ಲವಾದರೆ ದಯವಿಟ್ಟು ಹಿಡಿಯಿರಿ. ಶ್ರೀಹರಿಕೋಟಾದ ಉಡಾವಣೆ ನಿಂತರೆ ನಿಮ್ಮ ಕಡತ ಮುಂದಕ್ಕೆ ಸರಿಯುವುದಿಲ್ಲ.

ಇನ್ನು ವಾಟ್ಸ್‌ಆ್ಯಪ್ ಸಂದೇಶಗಳು. ವಿದೇಶಿ ಉಪಗ್ರಹಗಳಿಂದ ಇಸ್ರೋ ತನ್ನ ಖರ್ಚನ್ನು ಹುಟ್ಟಿಸಿಕೊಳ್ಳುತ್ತದೆ ಎಂಬುದು ಸುಳ್ಳು. 2018ರ ಜನವರಿಯಿಂದ 2022ರ ನವೆಂಬರ್‌ವರೆಗೆ 177 ವಿದೇಶಿ ಉಪಗ್ರಹಗಳನ್ನು ಹಾರಿಸಿದ್ದಕ್ಕೆ ಬಂದ ಹಣ ಸುಮಾರು 9.4 ಕೋಟಿ ಡಾಲರ್ ಮತ್ತು 4.6 ಕೋಟಿ ಯೂರೊ ಎಂದು ಸರ್ಕಾರವೇ ತಿಳಿಸಿದೆ. ಎರಡೂ ಸೇರಿ ಸಾವಿರದ ನೂರು ಕೋಟಿ ರೂಪಾಯಿಯ ಆಸುಪಾಸು. ಅದೇ ಅವಧಿಯಲ್ಲಿ ಇಲಾಖೆಯ ಖರ್ಚು ಐವತ್ತು ಸಾವಿರ ಕೋಟಿಗೂ ಮಿಕ್ಕಿತ್ತು. ಎರಡೂವರೆ ರೂಪಾಯಿಯ ಮಾತಿಗೆ ಆಧಾರವಿದೆ: ಇಸ್ರೋ ಪ್ರಕಟಿಸಿದ ಆರ್ಥಿಕ ಅಧ್ಯಯನವೊಂದರಲ್ಲಿ 2.54 ಎಂಬ ಅಂಕಿ ಬಂದಿತ್ತು. ಆದರೆ ಸರ್ಕಾರದ ಯಾವುದೇ ದೊಡ್ಡ ಖರ್ಚು ಸಂಬಳವಾಗಿ, ಗುತ್ತಿಗೆಯಾಗಿ ಕೈಯಿಂದ ಕೈಗೆ ದಾಟುತ್ತ ಬೆಳೆಯುತ್ತದೆ. ರಸ್ತೆಗೂ, ಶಾಲೆ ಕಟ್ಟಡಕ್ಕೂ ಇಂಥದೇ ಒಂದು ಅಂಕಿ ಬರುತ್ತದೆ. ಆದ್ದರಿಂದ ಈ ಸಂಖ್ಯೆಯನ್ನು ವಾದಕ್ಕೆ ಬಳಸಲು ನನಗೆ ಧೈರ್ಯ ಸಾಲದು. ಟೆಫ್ಲಾನ್ ಬಾಣಲೆ ಬಾಹ್ಯಾಕಾಶ ಸಂಶೋಧನೆಯ ಕೊಡುಗೆ ಎಂಬುದು ಇನ್ನೊಂದು ಹಳೆಯ ಕಥೆ. ಟೆಫ್ಲಾನ್ 1938ರಲ್ಲೇ, ಮನುಷ್ಯ ಉಪಗ್ರಹ ಹಾರಿಸುವ ಎಷ್ಟೋ ಮೊದಲೇ, ಅಮೆರಿಕದ ರಾಸಾಯನಿಕ ಪ್ರಯೋಗಾಲಯವೊಂದರಲ್ಲಿ ಆಕಸ್ಮಿಕವಾಗಿ ಸಿಕ್ಕಿದ್ದು.

ಹಾಗಾದರೆ ಈ ಖರ್ಚಿಗೆ ಗಟ್ಟಿಯಾದ ಸಮರ್ಥನೆ ಎಲ್ಲಿದೆ? ನಿಮ್ಮ ಜಿಲ್ಲೆಯಿಂದಲೇ ಶುರು ಮಾಡುತ್ತೇನೆ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ಬಿತ್ತರಿಸಲಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಬೇಸಾಯ, ಆರೋಗ್ಯ, ಬೆಳಿಗ್ಗೆ ಮಕ್ಕಳ ಪಾಠ ಅದರಲ್ಲಿದ್ದವು. ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ರಜೆಯಲ್ಲಿ ವಿಜ್ಞಾನ ಕಲಿಸುವ ತರಬೇತಿಯೂ ಉಪಗ್ರಹದಿಂದಲೇ ನಡೆಯಿತು. ನಮ್ಮ ಬಾಹ್ಯಾಕಾಶ ಕಾರ್ಯಕ್ರಮ ಮೊದಲು ಕಣ್ಣಿಟ್ಟದ್ದು ಹಳ್ಳಿಯ ಶಾಲೆಯ ಮೇಲೆ. ಆ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಜ್ಞಾನಿ ವಿಕ್ರಮ್ ಸಾರಾಭಾಯಿಯವರು ಇದನ್ನು ಬಿಡಿಸಿ ಹೇಳಿದ್ದರು. ಚಂದ್ರ, ಗ್ರಹಗಳ ಅನ್ವೇಷಣೆಯಲ್ಲಾಗಲಿ, ಮನುಷ್ಯರನ್ನು ಹಾರಿಸುವುದರಲ್ಲಾಗಲಿ ಶ್ರೀಮಂತ ರಾಷ್ಟ್ರಗಳೊಡನೆ ಪೈಪೋಟಿ ನಡೆಸುವ ಭ್ರಮೆ ನಮಗಿಲ್ಲ. ಆದರೆ ಸಮಾಜದ ನಿಜವಾದ ಸಮಸ್ಯೆಗಳಿಗೆ ತಂತ್ರಜ್ಞಾನವನ್ನು ಬಳಸುವುದರಲ್ಲಿ ನಾವು ಯಾರಿಗೂ ಹಿಂದೆ ಬೀಳಬಾರದು ಎಂಬುದು ಅವರ ನಿಲುವಾಗಿತ್ತು.

ಆ ನಿಲುವಿನ ಫಲ ಈಗ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತಲ್ಲ, ಅದಕ್ಕೆ ಮಳೆಯ ಲೆಕ್ಕ ಮಾತ್ರ ಸಾಲದು. ಬೆಳೆ ಎಷ್ಟು ಹಸಿರಾಗಿದೆ, ಮಣ್ಣಿನಲ್ಲಿ ತೇವ ಎಷ್ಟಿದೆ ಎಂಬುದನ್ನೂ ನೋಡಬೇಕು. ಹಸಿರಿನ ಅಳತೆ ಬರುವುದು ಉಪಗ್ರಹದಿಂದ. ಆರೋಗ್ಯವಂತ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಬಾಡಿದ ಬೆಳೆ ಅಷ್ಟಾಗಿ ಹಾಗೆ ಮಾಡುವುದಿಲ್ಲ. ಈ ಎರಡರ ವ್ಯತ್ಯಾಸದಿಂದ ನಿಮ್ಮ ತಾಲ್ಲೂಕಿನ ಬೆಳೆಯ ಸ್ಥಿತಿ ತಿಳಿಯುತ್ತದೆ. ಮಲ್ಪೆಯ, ಕಾರವಾರದ ಮೀನುಗಾರರಿಗೆ ಮೀನು ಸಿಗುವ ಪ್ರದೇಶದ ಮುನ್ಸೂಚನೆ ಹೋಗುವುದು ಕಡಲ ಮೇಲ್ಮೈಯ ಉಷ್ಣತೆ ಮತ್ತು ಹಸಿರು ಪಾಚಿಯ ಉಪಗ್ರಹ ಅಳತೆಗಳಿಂದ. ಒಡಿಶಾದಲ್ಲಿ 1999ರ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಮಂದಿ ಬಲಿಯಾದರು. 2013ರ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ಕೆಲವೇ ಹತ್ತುಗಳಿಗೆ ಇಳಿಯಿತು. ಇದಕ್ಕೆ ಉಪಗ್ರಹವೊಂದೇ ಕಾರಣವಲ್ಲ. ಆಶ್ರಯ ಕಟ್ಟಡಗಳು, ರೇಡಾರ್‌ಗಳು, ಮನೆಮನೆಗೆ ಹೋಗಿ ಎಬ್ಬಿಸಿದ ಸ್ಥಳೀಯ ಸಿಬ್ಬಂದಿ ಎಲ್ಲರಿಗೂ ಇದರಲ್ಲಿ ಪಾಲಿದೆ. ಆದರೆ ನಡುಗಡಲಿನಲ್ಲಿ ಸುಳಿ ಹುಟ್ಟಿದ್ದನ್ನು ದಿನಗಳ ಮೊದಲೇ ಕಂಡು ಹಿಂಬಾಲಿಸುವುದು ಮೇಲಿನ ಕಣ್ಣಿಗಷ್ಟೇ ಸಾಧ್ಯ.

ಮೇಲಿನಿಂದ ಬಂದದ್ದು ನೆಲಕ್ಕೆ ತಲುಪದೆ ಹೋಗುವುದೂ ಉಂಟು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ನಮ್ಮ ಚಾಮರಾಜನಗರ ಜಿಲ್ಲೆಯ ಶಾಲೆಗಳಲ್ಲಿ ಅದರ ಪ್ರಯೋಗವೂ ನಡೆಯಿತು. ಆದರೆ ನಿರ್ವಹಣೆ, ಪಾಠಗಳ ತಯಾರಿಕೆ, ಜಾಲದ ಯೋಜನೆ ಯಾವುದೂ ಸರಿಯಾಗಿರಲಿಲ್ಲವೆಂದು 2013ರಲ್ಲಿ ಮಹಾಲೇಖಪಾಲರ ವರದಿ ಟೀಕಿಸಿತು. 2017ರ ಒಖಿ ಚಂಡಮಾರುತದಲ್ಲಿ ಆಗಲೇ ಆಳಸಮುದ್ರಕ್ಕೆ ಹೋಗಿದ್ದ ಮೀನುಗಾರರಿಗೆ ಎಚ್ಚರಿಕೆ ತಲುಪಲೇ ಇಲ್ಲ. ನನ್ನ ಕೆಲಸದಲ್ಲೂ ಇದನ್ನು ಕಂಡಿದ್ದೇನೆ. ನಮ್ಮ ಗಟ್ಟಿ ಕಲ್ಲಿನ ನೆಲದಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಇರುತ್ತದೆ. ಆ ಬಿರುಕುಗಳು ಉಪಗ್ರಹ ಚಿತ್ರದಲ್ಲಿ ನೀಳ ಗೆರೆಗಳಾಗಿ ಕಾಣುತ್ತವೆ. ಎರಡು ಗೆರೆ ಕೂಡುವ ಕಡೆ ಕೊಳವೆಬಾವಿ ಕೊರೆದರೆ ನೀರು ಸಿಗುವ ಸಂಭವ ಹೆಚ್ಚು. ಅಂಥ ನಕ್ಷೆಗಳನ್ನು ಮಾಡಿಕೊಟ್ಟೆವು. ಅವು ಕಚೇರಿಯ ಕಪಾಟು ಸೇರಿದವು. ಹೊಲದಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದವರು ತೋರಿಸಿದ ಕಡೆಯೇ ರಿಗ್ ನಿಂತಿತು. ರೈತರನ್ನು ನಾನು ದೂರುವುದಿಲ್ಲ. ನಕ್ಷೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ಚಂದ್ರ, ಮಂಗಳ, ಗಗನಯಾನದ ವಿಷಯಕ್ಕೆ ಬರೋಣ. ಈ ಚರ್ಚೆಯಲ್ಲಿ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಗೊಂದಲ ಹುಟ್ಟುತ್ತದೆ. ನಾನು ಮೂರು ಪಾಲು ಮಾಡಿ ನೋಡುತ್ತೇನೆ: ಬಳಕೆಯ ಉಪಗ್ರಹಗಳು, ಯಂತ್ರಗಳನ್ನು ಕಳುಹಿಸಿ ನಡೆಸುವ ಅನ್ವೇಷಣೆ, ಮನುಷ್ಯರ ಹಾರಾಟ. ಮೊದಲನೆಯದನ್ನು ಮೇಲೆ ಹೇಳಿದ್ದೇನೆ. ಎರಡನೆಯದರ ಲೆಕ್ಕ ಇದು: ಚಂದ್ರಯಾನ-1ಕ್ಕೆ 386 ಕೋಟಿ, ಮಂಗಳಯಾನಕ್ಕೆ 450, ಚಂದ್ರಯಾನ-2ಕ್ಕೆ 978, ಚಂದ್ರಯಾನ-3ಕ್ಕೆ 615. ಹದಿನೈದು ವರ್ಷಗಳ ಅವಧಿಯಲ್ಲಿ ಹಾರಿದ ನಾಲ್ಕೂ ಯಾನಗಳು ಸೇರಿ ಸುಮಾರು 2,430 ಕೋಟಿ. ಇದು ಒಂದೇ ವರ್ಷದ ಇಲಾಖಾ ಬಜೆಟ್ಟಿನ ಐದನೇ ಒಂದು ಭಾಗಕ್ಕೂ ಕಡಿಮೆ. ಇನ್ನು ಮೂರನೆಯದು: ಗಗನಯಾನ ಕಾರ್ಯಕ್ರಮಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಪರಿಷ್ಕೃತವಾಗಿ ಒಪ್ಪಿಗೆ ಸಿಕ್ಕ ಮೊತ್ತ 20,193 ಕೋಟಿ. ಅಂದರೆ ಆ ನಾಲ್ಕೂ ಯಾನಗಳ ಎಂಟು ಪಟ್ಟು. ಗಗನಯಾನದ ಮೊತ್ತದಲ್ಲಿ ಹಲವು ಹಾರಾಟಗಳೂ, ಮುಂದಿನ ಬಾಹ್ಯಾಕಾಶ ನಿಲ್ದಾಣದ ಮೊದಲ ಘಟಕವೂ ಸೇರಿವೆ, ಹಾಗಾಗಿ ಹೋಲಿಕೆ ಪೂರ್ತಿ ಸಮವಲ್ಲ. ಆದರೂ ಈ ಅಂತರ ಸಣ್ಣದಲ್ಲ.

ಯಂತ್ರಗಳ ಅನ್ವೇಷಣೆಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಚಂದ್ರನ ಮಣ್ಣಿನಲ್ಲಿ ನೀರಿನ ಅಂಶದ ಸುಳಿವು 2009ರಲ್ಲಿ ಸಿಕ್ಕಿದ್ದು ಚಂದ್ರಯಾನ-1 ಹೊತ್ತೊಯ್ದಿದ್ದ ನಾಸಾ ಉಪಕರಣದಿಂದ. ಅಂಥ ತಿಳಿವಿಗೆ ಮಾರುಕಟ್ಟೆಯಲ್ಲಿ ಗಿರಾಕಿ ಇಲ್ಲ, ಲಾಭ ಬೇಕಾದವರು ಅದಕ್ಕೆ ಹಣ ಹಾಕುವುದಿಲ್ಲ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ಚಂದ್ರಯಾನಕ್ಕೆಂದು ನಿಲ್ಲಿಸಿದ 32 ಮೀಟರ್ ಅಗಲದ ಆಂಟೆನಾ ಮುಂದೆ ಮಂಗಳಯಾನಕ್ಕೂ, ಸೂರ್ಯನ ಅಧ್ಯಯನಕ್ಕೆ ಹೋದ ಆದಿತ್ಯ-ಎಲ್1ಕ್ಕೂ ಆಯಿತು. ಒಂದು ಯಾನಕ್ಕೆ ಕಟ್ಟಿದ ಶಕ್ತಿ ಮುಂದಿನದಕ್ಕೆ ಉಳಿಯುತ್ತದೆ. ಆದರೆ ಹಾಲಿವುಡ್ ಚಿತ್ರಕ್ಕಿಂತ ಅಗ್ಗ ಎಂದು ಮಂಗಳಯಾನವನ್ನು ಹೊಗಳುವುದು ನನಗೆ ಹಿಡಿಸುವುದಿಲ್ಲ. ಅದು ಹೊತ್ತಿದ್ದ ವೈಜ್ಞಾನಿಕ ಉಪಕರಣಗಳ ಒಟ್ಟು ತೂಕ ಸುಮಾರು 15 ಕಿಲೊ ಮಾತ್ರ. ಅಗ್ಗವಾಗಲು ಅದೂ ಒಂದು ಕಾರಣ. ಹೊಗಳುವುದಾದರೆ ಆರು ತಿಂಗಳಿಗೆಂದು ಹೋದದ್ದು ಏಳು ವರ್ಷ ಮೀರಿ ದುಡಿಯಿತಲ್ಲ, ಅದನ್ನು ಹೊಗಳೋಣ.

ಮನುಷ್ಯರ ಹಾರಾಟದ ಬಗ್ಗೆ ನನ್ನ ನಿಲುವು ಬೇರೆ. ಅದು ತಪ್ಪೆಂದು ಹೇಳಲಾರೆ. ಜೀವರಕ್ಷಣೆಯ ವ್ಯವಸ್ಥೆ, ಮರುಪ್ರವೇಶದ ತಂತ್ರ ಕಲಿಯುವುದು ದೊಡ್ಡ ಸಾಧನೆ. ನನ್ನ ಭಯ ಬೇರೆ ಕಡೆ ಇದೆ. ನಮ್ಮದೇ ದಿಕ್ಸೂಚಿ ವ್ಯವಸ್ಥೆಯಾದ ನಾವಿಕ್‌ಗಾಗಿ ಕಕ್ಷೆಗೆ ಹೋದ 11 ಉಪಗ್ರಹಗಳಲ್ಲಿ ಸ್ಥಾನ ತೋರಿಸುವ ಸೇವೆ ಕೊಡುತ್ತಿರುವವು ನಾಲ್ಕೇ ಎಂದು 2025ರ ಜುಲೈನಲ್ಲಿ ಸರ್ಕಾರ ಸಂಸತ್ತಿಗೆ ತಿಳಿಸಿತು. ಸ್ಥಾನ ನಿಖರವಾಗಿ ಗುರುತಿಸಲು ಕನಿಷ್ಠ ನಾಲ್ಕು ಬೇಕೇ ಬೇಕು. ಒಂದು ಕೆಟ್ಟರೆ ವ್ಯವಸ್ಥೆಯೇ ಕುಂಟುತ್ತದೆ. ಗಗನಯಾತ್ರಿಗಳ ಹೆಸರು ಮಕ್ಕಳಿಗೂ ಬಾಯಿಪಾಠವಾಗಿದೆ. ನಾವಿಕ್ ಉಪಗ್ರಹಗಳಲ್ಲಿ ಸ್ಥಾನದ ಲೆಕ್ಕಕ್ಕೆ ನಿಖರ ಸಮಯ ಕೊಡುವ ಪರಮಾಣು ಗಡಿಯಾರಗಳು ಕೆಟ್ಟುಹೋದ ಸುದ್ದಿಗೆ ಅಷ್ಟು ಗಮನ ಸಿಗಲಿಲ್ಲ.

ಸರ್ಕಾರದ ಮುಂದಿರುವ ದಾರಿಗಳಲ್ಲಿ ಪೂರ್ತಿ ನಿಲ್ಲಿಸುವುದು ಅತ್ಯಂತ ದುಬಾರಿಯಾದದ್ದು. ಉಪಗ್ರಹಕ್ಕೆ ಆಯಸ್ಸು ಸಾಮಾನ್ಯವಾಗಿ ಐದರಿಂದ ಹದಿನೈದು ವರ್ಷ. ಆಮೇಲೆ ಕೊಳ್ಳಬೇಕು, ಕೊಡುವವರು ಕೊಡಬೇಕು. ಅತಿಶೀತಲ ದ್ರವ ಇಂಧನದಿಂದ ನಡೆಯುವ ಕ್ರಯೋಜೆನಿಕ್ ಎಂಜಿನ್ ತಂತ್ರಜ್ಞಾನಕ್ಕಾಗಿ 1991ರಲ್ಲಿ ಸೋವಿಯತ್ ಒಕ್ಕೂಟದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಡನೆ ಒಪ್ಪಂದವಾಗಿತ್ತು. ಅಮೆರಿಕದ ಒತ್ತಡಕ್ಕೆ ಮಣಿದು 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡಲು ಹಿಂದೆ ಸರಿಯಿತು. ನಮ್ಮದೇ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಇಪ್ಪತ್ತು ವರ್ಷ ಹಿಡಿಯಿತು. ಒಮ್ಮೆ ಚದುರಿದ ತಂಡವನ್ನು ಮತ್ತೆ ಕಟ್ಟಲು ಅದಕ್ಕಿಂತ ಕಡಿಮೆ ಸಾಕಾಗಲಿಕ್ಕಿಲ್ಲ.

ಖಾಸಗಿಯವರಿಗೆ ಬಿಡುವ ದಾರಿ ಅರ್ಧ ಸರಿ. 2025ರಲ್ಲಿ ಬೆಂಗಳೂರಿನ ಪಿಕ್ಸೆಲ್ ಕಂಪನಿಯ ನೇತೃತ್ವದ ಕೂಟ ಸುಮಾರು 1,200 ಕೋಟಿಯ ಸ್ವಂತ ಹೂಡಿಕೆಯಲ್ಲಿ 12 ಭೂವೀಕ್ಷಣಾ ಉಪಗ್ರಹಗಳನ್ನು ಕಟ್ಟುವ ಹೊಣೆ ಪಡೆಯಿತು. ಚಿತ್ರ ಕೊಳ್ಳುವವರಿರುವ ಕಡೆ ಇದು ನಡೆಯುತ್ತದೆ, ನಡೆಯಲಿ. ಆದರೆ ಖಾಸಗಿ ಸಾಹಸಕ್ಕೆ ಎಲ್ಲರೂ ಉದಾಹರಿಸುವ ಸ್ಪೇಸ್‌ಎಕ್ಸ್ ಕೂಡ ಕಷ್ಟದಲ್ಲಿದ್ದಾಗ, 2008ರ ಡಿಸೆಂಬರ್‌ನಲ್ಲಿ, ನಾಸಾ ಕೊಟ್ಟ 160 ಕೋಟಿ ಡಾಲರ್ ಗುತ್ತಿಗೆಯಿಂದ ಚೇತರಿಸಿಕೊಂಡಿತು. ದೊಡ್ಡ ಗಿರಾಕಿ ಸರ್ಕಾರವೇ. ಬರದ ವರ್ಷದಲ್ಲಿ ಬೆಳೆಯ ಚಿತ್ರಕ್ಕೆ ದುಬಾರಿ ಬೆಲೆ ಕೇಳಿದರೆ ಜಿಲ್ಲಾಡಳಿತ ಏನು ಮಾಡಬೇಕು ಎಂಬುದನ್ನೂ ಮೊದಲೇ ಯೋಚಿಸಬೇಕು.

ಬಳಕೆಯ ಉಪಗ್ರಹಗಳನ್ನಷ್ಟೇ ಇಟ್ಟುಕೊಂಡು ಅನ್ವೇಷಣೆ ಬಿಡುವುದು ಸಾರಾಭಾಯಿಯವರ ಮಾತಿಗೆ ಹತ್ತಿರವಾದ, ಗೌರವಿಸಬೇಕಾದ ವಾದ. ಆದರೆ ಇಂದು ಅದರಿಂದ ಉಳಿಯುವುದು ವರ್ಷಕ್ಕೆ ಸರಾಸರಿ ನೂರಾರು ಕೋಟಿಯಷ್ಟೇ. ಕಳೆದುಕೊಳ್ಳುವುದು ಕಷ್ಟದ ಸಮಸ್ಯೆ ಹುಡುಕಿಕೊಂಡು ಈ ಕ್ಷೇತ್ರಕ್ಕೆ ಬರುವ ಚುರುಕು ಹುಡುಗ ಹುಡುಗಿಯರನ್ನು.

ಹಾಗಾಗಿ ಮುಂದುವರಿಸಬೇಕು ಎಂಬುದು ನನ್ನ ಅಭಿಪ್ರಾಯ, ಆದರೆ ಈಗಿನ ರೀತಿಯಲ್ಲೇ ಅಲ್ಲ. ಹವಾಮಾನ, ದಿಕ್ಸೂಚಿ, ಭೂವೀಕ್ಷಣೆಯ ಉಪಗ್ರಹಗಳ ಬದಲಿ ಸಿದ್ಧವಾಗುವವರೆಗೆ ಪ್ರತಿಷ್ಠೆಯ ಯೋಜನೆಗಳ ಗಡುವು ಹಿಂದೆ ಸರಿಯಲಿ. ವೈಫಲ್ಯವನ್ನು ಬಿಚ್ಚಿ ಹೇಳುವ ರೂಢಿಯೂ ಮರಳಬೇಕು. 2021ರಲ್ಲಿ ಜಿಎಸ್‌ಎಲ್‌ವಿ-ಎಫ್10 ಸೋತಾಗ ದ್ರವ ಜಲಜನಕದ ಟ್ಯಾಂಕಿನ ಒತ್ತಡ ಕುಸಿದದ್ದು, ಕವಾಟದ ಸೋರಿಕೆ ಅದಕ್ಕೆ ಕಾರಣವಾಗಿದ್ದು ಎಲ್ಲವನ್ನೂ ಇಸ್ರೋ ಪ್ರಕಟಿಸಿತ್ತು. 2025ರ ಮೇ ತಿಂಗಳಲ್ಲಿ ಪಿಎಸ್‌ಎಲ್‌ವಿ-ಸಿ61 ರಾಕೆಟ್ ಮೂರನೇ ಹಂತದಲ್ಲಿ ಸೋತಿತು. ಅದರ ತನಿಖಾ ವರದಿ ಜನರ ಮುಂದೆ ಬರದೆಯೇ 2026ರ ಜನವರಿಯಲ್ಲಿ ಸಿ62 ಹಾರಿತು, ಅದಕ್ಕೂ ಮೂರನೇ ಹಂತದಲ್ಲೇ ತೊಂದರೆಯಾಯಿತು. ಇಷ್ಟು ವರ್ಷ ನಂಬಿದ ರಾಕೆಟ್ಟಿನ ವಿಷಯದಲ್ಲಿ ಈ ಮೌನ ನನಗೆ ನೋವು ತಂದಿದೆ.

ನೀವು ಮತ್ತು ನಿಮ್ಮ ಯಜಮಾನರು ನಿಮ್ಮ ಸಂಸದರಿಗೆ ಬರೆಯುವುದಾದರೆ ಇಸ್ರೋ ಬೇಕೇ ಬೇಡವೇ ಎಂದು ಕೇಳಬೇಡಿ. ನಾವಿಕ್‌ನ ಬದಲಿ ಉಪಗ್ರಹಗಳು ಯಾವ ತಿಂಗಳು ಹಾರುತ್ತವೆ, ಪಿಎಸ್‌ಎಲ್‌ವಿ ವರದಿಗಳು ಯಾವಾಗ ಪ್ರಕಟವಾಗುತ್ತವೆ, ರಾಯಚೂರು ಜಿಲ್ಲೆಯ ಅಂತರ್ಜಲ ನಕ್ಷೆಗಳು ಯಾವ ಗ್ರಾಮ ಪಂಚಾಯಿತಿಗೆ ತಲುಪಿವೆ ಎಂದು ಕೇಳಿ. ನಾವಿಕ್‌ನ ನಾಲ್ಕು ಉಪಗ್ರಹಗಳ ಸಂಗತಿಯನ್ನು ಸರ್ಕಾರ ಸಂಸತ್ತಿಗೆ ತಿಳಿಸಿದ್ದೂ ಅಲ್ಲಿ ಯಾರೋ ಪ್ರಶ್ನೆ ಕೇಳಿದ್ದರಿಂದಲೇ.